ಕಿಹಾನ್ಸಿಯ ತುಂತುರುಗಪ್ಪೆ: ಅಣೆಕಟ್ಟೇ ಕೊಂದಿತಾ, ನಿಜವಾಗಿ ವಾಪಸ್ ಬಂದಿದೆಯಾ?

ಪ್ರಶ್ನೆ: ತಾಂಜಾನಿಯಾದ ಬೆಟ್ಟದ ಕಾಡಿನಲ್ಲಿ ಹೆಬ್ಬೆರಳಿನ ಉಗುರಿನಷ್ಟಿರುವ ಹಳದಿ ಕಪ್ಪೆಯೊಂದು ಇತ್ತಂತೆ. ಅದು ನೀರಿನಲ್ಲಿ ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತಂತೆ. ಒಂದು ಅಣೆಕಟ್ಟು ಬಂದು ಅದರ ವಂಶವೇ ಅಳಿಯಿತು, ಆಮೇಲೆ ಅಮೆರಿಕದ ಮೃಗಾಲಯದಿಂದ ವಾಪಸ್ ತಂದು ಉಳಿಸಿಬಿಟ್ಟರು ಅಂತ ಓದಿದೆ. ಇದರಲ್ಲಿ ಎಷ್ಟು ನಿಜ? ನಮ್ಮ ಪಶ್ಚಿಮ ಘಟ್ಟದಲ್ಲೂ ಇಂಥದ್ದು ಆಗಬಹುದಾ? ನನ್ನ ಅಕ್ಕ ನ್ಯೂಯಾರ್ಕ್‌ನಲ್ಲಿದ್ದಾಳೆ, ಅಲ್ಲಿ ಅದನ್ನು ನೋಡಲು ಸಿಗುತ್ತದಾ?

ಉತ್ತರ: ನೀವು ಓದಿದ್ದರಲ್ಲಿ ಬಹುಪಾಲು ನಿಜವೇ. ಆದರೆ ಎರಡು ಕಡೆ ತಿದ್ದಬೇಕು. ಅಣೆಕಟ್ಟು ಆ ಕಪ್ಪೆಯನ್ನು ನೇರವಾಗಿ ಮುಗಿಸಲಿಲ್ಲ, ಕೊನೆಯ ಏಟು ಬೇರೆ ಕಡೆಯಿಂದ ಬಿತ್ತು. ಇನ್ನು "ಉಳಿಸಿಬಿಟ್ಟರು" ಅನ್ನುವ ಮಾತು ಸದ್ಯಕ್ಕೆ ಜಾಸ್ತಿಯಾಯಿತು. ವಾಪಸ್ ತಂದು ಬಿಟ್ಟಿದ್ದಾರೆ, ಅಷ್ಟು ಖಂಡಿತ. ಆದರೆ ಅದು ಇವತ್ತಿಗೂ ಬದುಕುತ್ತಿರುವುದು ಮನುಷ್ಯರು ಪೈಪಿನಲ್ಲಿ ಚಿಮುಕಿಸುವ ನೀರಿನ ಆಸರೆಯಲ್ಲಿ.

ಮೊದಲು ಜಾಗದ ವಿಷಯ ಹೇಳಬೇಕು, ಯಾಕೆಂದರೆ ಈ ಕಪ್ಪೆಯ ಕತೆಯೆಲ್ಲ ಇರುವುದು ಆ ಜಾಗದಲ್ಲೇ. ಕೀನ್ಯಾದ ಟೈಟಾ ಬೆಟ್ಟಗಳಿಂದ ಶುರುವಾಗಿ ತಾಂಜಾನಿಯಾದ ಒಳಗೆ ಬಿಲ್ಲಿನ ಹಾಗೆ ಬಾಗಿ ಹೋಗುವ ಒಂದು ಬೆಟ್ಟಸಾಲು ಇದೆ. ಈಸ್ಟರ್ನ್ ಆರ್ಕ್ ಅಂತ ಹೆಸರು. ತುಂಬಾ ಹಳೆಯ ಬೆಟ್ಟಗಳು. ಒಂದಕ್ಕೊಂದು ಅಂಟಿಕೊಂಡಿಲ್ಲ, ಬಯಲಿನ ನಡುವೆ ಒಂದೊಂದೂ ಬೇರೆ ಬೇರೆ ಎದ್ದು ನಿಂತಿವೆ. ಹಿಂದೂ ಮಹಾಸಾಗರದ ಕಡೆಯಿಂದ ಬರುವ ತೇವದ ಗಾಳಿ ಇವಕ್ಕೆ ಬಡಿದು ಮಳೆ ಸುರಿಸುತ್ತದೆ. ಸುತ್ತಲಿನ ಬಯಲು ಒಣಗಿದ ಕಾಲದಲ್ಲೂ ಬೆಟ್ಟದ ಮೇಲಿನ ಕಾಡು ಹಸಿಯಾಗಿಯೇ ಉಳಿದಿತ್ತು. ಹೀಗೆ ಲಕ್ಷಾಂತರ ವರ್ಷ ಒಂಟಿಯಾಗಿ ಉಳಿದ ಕಾಡುಗಳಲ್ಲಿ ಬೇರೆಲ್ಲೂ ಇಲ್ಲದ ಗಿಡ, ಕಪ್ಪೆ, ಓತಿಗಳು ಹುಟ್ಟಿಕೊಂಡವು. ಈ ಸಾಲಿನ ದಕ್ಷಿಣದ ತುದಿಯಲ್ಲಿರುವುದು ಉಡ್ಜುಂಗ್ವಾ ಬೆಟ್ಟಗಳು. ಅದರ ಅಂಚಿನಿಂದ ಕಿಹಾನ್ಸಿ ಅನ್ನುವ ನದಿ ಒಂದು ಕಡಿದಾದ ಕಮರಿಯಲ್ಲಿ ಜಲಪಾತದ ಮೇಲೆ ಜಲಪಾತವಾಗಿ ಇಳಿಯುತ್ತದೆ. ಕೆಲವೇ ಕಿಲೋಮೀಟರ್ ಒಳಗೆ 800 ಮೀಟರ್‌ಗೂ ಹೆಚ್ಚು ಇಳಿತ.

ಮಳೆಗಾಲದಲ್ಲಿ ಜೋಗದ ಎದುರು ನಿಂತವರಿಗೆ ಗೊತ್ತು, ಮಳೆ ನಿಂತಿದ್ದರೂ ಮೈಯೆಲ್ಲ ಒದ್ದೆಯಾಗುತ್ತದೆ. ಕಿಹಾನ್ಸಿಯಲ್ಲಿ ಆ ತುಂತುರು ವರ್ಷದ ಎಲ್ಲಾ ದಿನ, ಹಗಲೂ ರಾತ್ರಿ ಬೀಳುತ್ತಿತ್ತು. ಬೀಳುವ ನೀರು ತನ್ನದೇ ಗಾಳಿ ಎಬ್ಬಿಸಿ ತುಂತುರನ್ನು ಪಕ್ಕದ ಇಳಿಜಾರಿಗೆ ತಳ್ಳುತ್ತಿತ್ತು. ಹಾಗೆ ಸದಾ ನೆನೆಯುತ್ತಿದ್ದ ಕಡೆ ಮರ ಬೆಳೆಯಲಿಲ್ಲ. ಪಾಚಿ, ಜರೀಗಿಡ, ಸೆಲಾಜಿನೆಲ್ಲಾ ಅನ್ನುವ ನೆಲಕ್ಕೆ ಹಬ್ಬುವ ಗಿಡ, ಹುಲ್ಲು, ಇವೆಲ್ಲ ಸೇರಿ ಬಂಡೆಗಳ ಮೇಲೆ ದಪ್ಪ ಹಸಿರು ಹಾಸಾಗಿ ಬೆಳೆದವು. ಈ ಹಾಸಿನ ಒಳಗೆ ಬಿಸಿಲು ಕಾಯುವುದಿಲ್ಲ, ಚಳಿ ಕೊರೆಯುವುದಿಲ್ಲ, ತೇವ ಎಂದೂ ಆರುವುದಿಲ್ಲ. ಇಂಥ ತುಂಡುಗಳನ್ನೆಲ್ಲ ಕೂಡಿಸಿದರೂ ಸುಮಾರು 2 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಐದು ಎಕರೆ. ಭೂಮಿಯ ಮೇಲೆ ಈ ಕಪ್ಪೆಗೆ ಇದ್ದದ್ದು ಅಷ್ಟೇ ಜಾಗ. ಕಮರಿಯ ಉಳಿದ ಕಾಡಿನಲ್ಲಿ ಅದು ಇರಲೇ ಇಲ್ಲ. ತುಂತುರು ಎಲ್ಲಿಯವರೆಗೆ ಬೀಳುತ್ತಿತ್ತೋ ಅಲ್ಲಿಯವರೆಗೆ ಮಾತ್ರ. ಹಾಗಾಗಿ ನಾನು ಇದನ್ನು ತುಂತುರುಗಪ್ಪೆ ಅಂತಲೇ ಕರೆಯುತ್ತೇನೆ. ವಿಜ್ಞಾನದ ಹೆಸರು ನೆಕ್ಟೋಫ್ರಿನಾಯ್ಡಿಸ್ ಆಸ್ಪರ್ಜಿನಿಸ್.

(ಇದೇ ಕಮರಿಯಲ್ಲಿ ಒಂದು ಕಾಡುಕಾಫಿ ಗಿಡವೂ ಸಿಕ್ಕಿದೆ. 2004ರಲ್ಲಿ ಅದಕ್ಕೆ ಕಾಫಿಯಾ ಕಿಹಾನ್ಸಿಯೆನ್ಸಿಸ್ ಅಂತ ಹೆಸರಿಟ್ಟರು. ಚಿಕ್ಕಮಗಳೂರು, ಕೊಡಗಿನ ಓದುಗರಿಗೆ ಇಷ್ಟವಾಗಬಹುದು ಅಂತ ಹೇಳಿದೆ.)

ಇನ್ನು ಕಪ್ಪೆಯ ಕಡೆ ಬರೋಣ. ಇದು ನೆಲಗಪ್ಪೆಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ಹಿತ್ತಲಿನಲ್ಲಿ ಕಾಣುವ ಒರಟು ಮೈಯ ದಪ್ಪ ಕಪ್ಪೆಗೆ ದೂರದ ನೆಂಟ. ಆದರೆ ನೋಡಿದರೆ ನಂಬುವುದು ಕಷ್ಟ. ದೊಡ್ಡ ಹೆಣ್ಣು ಮೂರು ಸೆಂಟಿಮೀಟರ್ ಕೂಡ ಮುಟ್ಟುವುದಿಲ್ಲ, ಗಂಡು ಇನ್ನೂ ಚಿಕ್ಕದು. ಸಾಸಿವೆ ಹೂವಿನಂಥ ಹಳದಿ ಮೈ. ಕೈಕಾಲು ಕಡ್ಡಿಯ ಹಾಗೆ. ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ ಬಸುರಿ ಕಪ್ಪೆಯನ್ನು ಕೆಳಗಿನಿಂದ ನೋಡಿದರೆ ಒಳಗೆ ಒತ್ತೊತ್ತಾಗಿ ಮಲಗಿರುವ ಮರಿಗಳು ಕಪ್ಪು ಚುಕ್ಕೆಗಳ ಹಾಗೆ ಕಾಣುತ್ತವೆ. ಹೊರಗೆ ಕಾಣುವ ಕಿವಿಯ ತಮಟೆ ಇಲ್ಲ. ಗಂಡಿನ ಕೂಗು ಚಿಕ್ಕದು, ಕೀರಲು, ಅದರಲ್ಲಿ ನಮ್ಮ ಕಿವಿಗೆ ನಿಲುಕದ ಎತ್ತರದ ಸ್ವರಗಳೂ ಸೇರಿವೆ.

ಮರಿ ಹಾಕುವ ವಿಷಯ ಪೂರ್ತಿ ನಿಜ. ಸಾಮಾನ್ಯವಾಗಿ ಕಪ್ಪೆಗಳಲ್ಲಿ ಹೆಣ್ಣು ನೀರಿಗೆ ಮೊಟ್ಟೆ ಬಿಡುತ್ತದೆ, ಗಂಡು ಹೊರಗೇ ಅದಕ್ಕೆ ಬೀಜ ಸೇರಿಸುತ್ತದೆ. ಇಲ್ಲಿ ಎರಡೂ ಮೈ ಒತ್ತಿಕೊಂಡಾಗ ಹೆಣ್ಣಿನ ಒಳಗೇ ಗರ್ಭ ಕಟ್ಟುತ್ತದೆ. ಮೊಟ್ಟೆ ಒಡೆಯುವುದು, ಗೊದಮೊಟ್ಟೆಯಾಗುವುದು, ಬಾಲ ಕರಗಿ ಕಾಲು ಮೂಡುವುದು, ಎಲ್ಲವೂ ತಾಯಿಯ ಹೊಟ್ಟೆಯಲ್ಲೇ ಮುಗಿಯುತ್ತದೆ. ಮರಿಗೆ ಬೇಕಾದ ಆಹಾರ ಮೊಟ್ಟೆಯ ಭಂಡಾರದಿಂದಲೇ ಬರುತ್ತದೆ. ಕೊನೆಗೆ ಹೊರಗೆ ಬರುವುದು ಅರ್ಧ ಸೆಂಟಿಮೀಟರಿನ, ಕಡು ಬಣ್ಣದ, ಕೈಕಾಲೆಲ್ಲ ಸರಿಯಾಗಿರುವ ಪುಟ್ಟ ಕಪ್ಪೆ. ಒಂದು ಸಲಕ್ಕೆ ಹತ್ತು ಹನ್ನೆರಡು ಮರಿ. ನಮ್ಮ ಹಿತ್ತಲಿನ ಕಪ್ಪೆ ಒಂದೇ ರಾತ್ರಿ ಸಾವಿರಗಟ್ಟಲೆ ಮೊಟ್ಟೆಯ ಸರ ಬಿಡುತ್ತದೆ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ. ಇಷ್ಟು ಕಡಿಮೆ ಹೆರುವ ಪ್ರಾಣಿಗೆ ದೊಡ್ಡ ಪೆಟ್ಟು ಬಿದ್ದರೆ ಚೇತರಿಸಿಕೊಳ್ಳುವುದು ನಿಧಾನ.

ಇಲ್ಲಿ ಒಂದು ಮಾತು. ರಭಸದ ನೀರು ಗೊದಮೊಟ್ಟೆಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಅದಕ್ಕೇ ಈ ಕಪ್ಪೆ ಮರಿ ಹಾಕಲು ಕಲಿಯಿತು ಅಂತ ಕೆಲವರು ಬರೆಯುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ತಲೆಕೆಳಗು. ಇದೇ ಕುಲದಲ್ಲಿ ಹತ್ತಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ತಾಂಜಾನಿಯಾದವೇ. ಜಲಪಾತದ ಹತ್ತಿರವೂ ಸುಳಿಯದೆ, ಕಾಡಿನ ಎಲೆಗಳ ಮೇಲೆ, ತರಗೆಲೆಯ ನಡುವೆ ಬದುಕುವ ಜಾತಿಗಳೂ ಮರಿಯನ್ನೇ ಹಾಕುತ್ತವೆ. ಅಂದರೆ ಆ ಗುಣ ಹಿರಿಯರಿಂದ ಬಂದ ಆಸ್ತಿ. ಅದು ಮೊದಲೇ ಇದ್ದದ್ದರಿಂದಲೇ ಈ ಒಂದು ಜಾತಿಗೆ ನಿಂತ ನೀರೇ ಇಲ್ಲದ ಜಲಪಾತದ ಬುಡದಲ್ಲಿ ಮನೆ ಕಟ್ಟಲು ಆಯಿತು. ಇದರ ಜೊತೆಗೆ ಪಶ್ಚಿಮ ಆಫ್ರಿಕಾದ ನಿಂಬಾ ಪರ್ವತದ ಕಪ್ಪೆಯನ್ನೂ ತಿಳಿದುಕೊಳ್ಳಿ. ಹಿಂದೆ ಅದನ್ನೂ ಇದೇ ಕುಲಕ್ಕೆ ಸೇರಿಸಿದ್ದರು. ಅದು ಇನ್ನೂ ಒಂದು ಹೆಜ್ಜೆ ಮುಂದೆ, ಒಂಬತ್ತು ತಿಂಗಳು ಹೊತ್ತು, ಒಳಗಿನ ಮರಿಗಳಿಗೆ ತಾಯಿಯೇ ಆಹಾರ ಒದಗಿಸಿ ಹೆರುತ್ತದೆ.

ಈಗ ಅಣೆಕಟ್ಟು. 800 ಮೀಟರ್ ಇಳಿತ ಅಂದರೆ ವಿದ್ಯುತ್ ಎಂಜಿನಿಯರುಗಳಿಗೆ ಹಬ್ಬ. ಸ್ವಲ್ಪವೇ ನೀರಿದ್ದರೂ ಅಷ್ಟು ಎತ್ತರದಿಂದ ಬಿಟ್ಟರೆ ದೊಡ್ಡ ಶಕ್ತಿ ಸಿಗುತ್ತದೆ. ಹಾಗಾಗಿ ಜಲಪಾತದ ಮೇಲೆ ಒಂದು ಚಿಕ್ಕ ಅಣೆ ಕಟ್ಟಿ, ನದಿಯನ್ನು ಬೆಟ್ಟದ ಒಳಗಿನ ಸುರಂಗಕ್ಕೆ ತಿರುಗಿಸಿ, ಕೆಳಗೆ ನೆಲದೊಳಗೇ ವಿದ್ಯುತ್ ಮನೆ ಮಾಡಿದರು. 180 ಮೆಗಾವ್ಯಾಟ್. ವಿಶ್ವಬ್ಯಾಂಕ್ ಸಾಲ ಕೊಟ್ಟವರಲ್ಲಿ ಒಂದು. ಆ ಕಾಲದ ತಾಂಜಾನಿಯಾಕ್ಕೆ ಇದು ಸಣ್ಣ ವಿಷಯವಲ್ಲ. ಕರೆಂಟೇ ಕಾಣದ ಮನೆಗಳು ತುಂಬಿದ ದೇಶ, ವಿದ್ಯುತ್ ಬೇಕು ಅಂದಿದ್ದನ್ನು ನಾನು ತಪ್ಪು ಅನ್ನಲಾರೆ. ನನ್ನ ತಕರಾರು ಕೆಲಸ ನಡೆದ ಕ್ರಮದ ಬಗ್ಗೆ. ಕಮರಿಯಲ್ಲಿ ಏನೇನು ಬದುಕಿದೆ ಅಂತ ಸರಿಯಾಗಿ ಹುಡುಕಿದ್ದು ಕಟ್ಟಡದ ಕೆಲಸ ಶುರುವಾದ ಮೇಲೆ. ಈ ಕಪ್ಪೆ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1996ರಲ್ಲಿ. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಕಿಮ್ ಹೋವೆಲ್ ಮತ್ತು ಜೊತೆಗಾರರು ಅದನ್ನು ವಿವರಿಸಿ ಹೆಸರಿಡುವ ಹೊತ್ತಿಗೆ ಅಣೆಕಟ್ಟು ಮುಗಿಯುತ್ತಾ ಬಂದಿತ್ತು. ಹೆಸರಿಟ್ಟ ಲೇಖನದ ಶೀರ್ಷಿಕೆಯಲ್ಲೇ ಅದು ತೀವ್ರ ಅಪಾಯದಲ್ಲಿದೆ ಅಂತ ಬರೆಯಬೇಕಾಯಿತು. ಹತ್ತು ವರ್ಷ ಮೊದಲೇ ಯಾರಾದರೂ ಆ ಇಳಿಜಾರಿನಲ್ಲಿ ಒಂದು ಮಳೆಗಾಲ ಕಳೆದಿದ್ದರೆ, ಜಲಪಾತಕ್ಕೆ ಎಷ್ಟು ನೀರು ಬಿಡಬೇಕು ಅನ್ನುವ ಲೆಕ್ಕವನ್ನು ನಕ್ಷೆಯಲ್ಲೇ ಸೇರಿಸಬಹುದಿತ್ತು.

2000ದಲ್ಲಿ ನೀರು ಸುರಂಗ ಸೇರಿತು. ಜಲಪಾತಕ್ಕೆ ಉಳಿದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ತುಂತುರು ನಿಂತುಹೋಯಿತು. ಕೆಲವೇ ತಿಂಗಳಲ್ಲಿ ಹಸಿರು ಹಾಸು ಒಣಗತೊಡಗಿತು, ಒಣ ಜಾಗದ ಗಿಡಗಂಟಿ ಒಳಗೆ ನುಗ್ಗಿದವು, ಕಪ್ಪೆಗಳು ಉಳಿದ ಒದ್ದೆ ಮೂಲೆಗಳಿಗೆ ಸರಿದು ಗುಂಪುಗೂಡಿದವು. ಇಷ್ಟು ಚಿಕ್ಕ ಮೈಗೆ ಒಣ ಗಾಳಿ ಅಂದರೆ ಸಾವೇ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಉಸಿರಿನ ದೊಡ್ಡ ಪಾಲೂ ಚರ್ಮದಿಂದಲೇ, ಅದು ಒಣಗಿದರೆ ಎರಡೂ ನಿಲ್ಲುತ್ತವೆ.

ಆಗ ಎರಡು ಕೆಲಸ ಒಟ್ಟಿಗೆ ನಡೆದವು. ಒಂದು, 2000ದ ಕೊನೆಯಲ್ಲಿ ತಾಂಜಾನಿಯಾ ಸರ್ಕಾರದ ಒಪ್ಪಿಗೆ ಪಡೆದು 499 ಕಪ್ಪೆಗಳನ್ನು ಹಿಡಿದು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ವಿಮಾನದಲ್ಲಿ ಕಳಿಸಿದರು. ಇನ್ನೊಂದು, ಕಮರಿಯ ಇಳಿಜಾರಿನಲ್ಲಿ ಪೈಪು ಎಳೆದು ಸ್ಪ್ರಿಂಕ್ಲರ್ ಹಾಕಿದರು. ಮೇಲಿನಿಂದ ಇಳಿದು ಬರುವ ನೀರಿನ ಒತ್ತಡದಿಂದಲೇ ಮೂತಿಗಳು ಸಣ್ಣ ಹನಿ ಚಿಮ್ಮಿಸುತ್ತವೆ. ನಮ್ಮಲ್ಲಿ ಕಾಫಿ ತೋಟಕ್ಕೆ ಹಾಕುವುದಕ್ಕಿಂತ ತುಂಬಾ ನಯವಾದ ಹನಿ. ಓದುವವರು ಈ ಸ್ಪ್ರಿಂಕ್ಲರಿನ ಮಾತನ್ನು ಸುಮ್ನೆ ದಾಟಿಬಿಡುತ್ತಾರೆ, ಆದರೆ ಇಡೀ ಕತೆ ತಿರುಗುವುದೇ ಇಲ್ಲಿ. ಯಾಕೆಂದರೆ ಅದು ಕೆಲಸ ಮಾಡಿತು! 2003ರ ಜೂನ್ ಎಣಿಕೆಯಲ್ಲಿ ಕಪ್ಪೆಗಳ ಸಂಖ್ಯೆ ಸುಮಾರು 20,000 ಮುಟ್ಟಿತ್ತು. ನೀರು ಸುರಂಗ ಸೇರಿ ಮೂರು ವರ್ಷದ ಮೇಲೆ ಇಪ್ಪತ್ತು ಸಾವಿರ. ಅದಕ್ಕೇ ನಾನು ಅಣೆಕಟ್ಟು ನೇರವಾಗಿ ಕೊಲ್ಲಲಿಲ್ಲ ಅಂದದ್ದು.

ಆಮೇಲೆ ಬಂದದ್ದು ದಂಗುಬಡಿಸುವಂಥದ್ದು. ಅದೇ ವರ್ಷದ ಆಗಸ್ಟ್ ಹೊತ್ತಿಗೆ ಹುಡುಕಿದರೂ ಸಿಕ್ಕಿದ್ದು ನಲವತ್ತರ ಆಸುಪಾಸು. 2004ರ ಜನವರಿಯಲ್ಲಿ ಕಣ್ಣಿಗೆ ಬಿದ್ದದ್ದು ಮೂರು, ಜೊತೆಗೆ ಎರಡು ಗಂಡುಗಳ ಕೂಗು ಕೇಳಿಸಿತು. 2005ರ ನಂತರ ಕಾಡಿನಲ್ಲಿ ಯಾರಿಗೂ ಕಾಣಲಿಲ್ಲ. 2009ರಲ್ಲಿ, ಅಪಾಯದಲ್ಲಿರುವ ಜೀವಿಗಳ ಪಟ್ಟಿ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು "ಕಾಡಿನಲ್ಲಿ ಅಳಿದಿದೆ" ಅನ್ನುವ ಪಟ್ಟಿಗೆ ಸೇರಿಸಿತು.

ಎರಡು ತಿಂಗಳಲ್ಲಿ ಏನಾಯಿತು? ಇಲ್ಲಿ ವಾದ ಇದೆ. ಆ ಮಧ್ಯೆ ಅಣೆಕಟ್ಟಿನಲ್ಲಿ ತುಂಬಿದ್ದ ಹೂಳನ್ನು ಹೊರಹಾಕಲು ಗೇಟು ತೆರೆದಿದ್ದರು. ಮೇಲಿನ ಹೊಲಗಳಲ್ಲಿ ಬಳಸಿದ ಕೀಟನಾಶಕ ಆ ಹೂಳಿನಲ್ಲಿತ್ತು, ಅದು ಕಮರಿಗೆ ಇಳಿದು ಕಪ್ಪೆಗಳನ್ನು ಕೊಂದಿತು ಅಂತ ಕೆಲವರು ಹೇಳುತ್ತಾರೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಸತ್ತ ಕಪ್ಪೆಗಳ ಚರ್ಮದಲ್ಲಿ ಕೈಟ್ರಿಡ್ ಅನ್ನುವ ಶಿಲೀಂಧ್ರ ಸಿಕ್ಕಿತು. ನನ್ನ ಮಟ್ಟಿಗೆ ಮುಖ್ಯ ಅಪರಾಧಿ ಅದೇ. ಇಷ್ಟು ವೇಗವಾಗಿ, ಇಷ್ಟು ಪೂರ್ತಿಯಾಗಿ ಗುಡಿಸಿಕೊಂಡು ಹೋಗುವ ರೀತಿ ಬೇರೆ ಖಂಡಗಳಲ್ಲಿ ಈ ರೋಗ ಬಂದ ಎಷ್ಟೋ ಕಡೆ ಕಂಡದ್ದೇ. ಅದು ಕಪ್ಪೆಯ ಹೊರಚರ್ಮದಲ್ಲಿ ಬೆಳೆಯುತ್ತದೆ. ಚರ್ಮ ಕೆಟ್ಟಾಗ ಮೈಯೊಳಗಿನ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳ ಹದ ತಪ್ಪುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಉಭಯವಾಸಿ ಜಾತಿಗಳನ್ನು ಈ ರೋಗ ಇಳಿಮುಖ ಮಾಡಿದೆ, ಅದರಲ್ಲಿ 90 ಅಳಿದೇಹೋಗಿವೆ ಅಂತ 2019ರಲ್ಲಿ ಪ್ರಕಟವಾದ ದೊಡ್ಡ ಲೆಕ್ಕ ಹೇಳುತ್ತದೆ. ಬೇರೆ ಯಾವ ರೋಗವೂ ಬೆನ್ನೆಲುಬಿನ ಪ್ರಾಣಿಗಳಿಗೆ ಇಷ್ಟು ಹಾನಿ ಮಾಡಿದ್ದು ದಾಖಲೆಯಲ್ಲಿಲ್ಲ. ಈ ಶಿಲೀಂಧ್ರಕ್ಕೆ ವಿಜ್ಞಾನದಲ್ಲಿ ಹೆಸರು ಬಿದ್ದದ್ದೇ 1999ರಲ್ಲಿ. ಕಿಹಾನ್ಸಿಯ ಕಪ್ಪೆಗಳನ್ನು ವಿಮಾನ ಹತ್ತಿಸಿದ್ದು ಅದರ ಮರುವರ್ಷ.

ಹಾಗಾದರೆ ಅಣೆಕಟ್ಟಿಗೆ ಸಂಬಂಧವೇ ಇಲ್ಲವಾ ಅಂತ ಕೇಳಬಹುದು. ಇದೆ. ನೀರು ಕಡಿಮೆಯಾದ ಮೇಲೆ ಕಪ್ಪೆಗಳು ಸ್ಪ್ರಿಂಕ್ಲರಿನ ಕೆಳಗೆ ಒತ್ತಾಗಿ ಸೇರಿಕೊಂಡವು. ಪೈಪು ಜೋಡಿಸುವವರು, ಎಣಿಸುವವರು, ನೋಡಲು ಬರುವವರು, ಹೀಗೆ ಹಿಂದೆ ಮನುಷ್ಯರೇ ಕಾಲಿಡದ ಕಡೆ ಓಡಾಟ ಜಾಸ್ತಿಯಾಯಿತು. ಒದ್ದೆ ಬೂಟಿನ ಮಣ್ಣಿನಲ್ಲಿ ಈ ಶಿಲೀಂಧ್ರ ಸುಲಭವಾಗಿ ಸಾಗುತ್ತದೆ. ಯೋಜನೆ ಇಲ್ಲದಿದ್ದರೆ ರೋಗ ಬರುತ್ತಲೇ ಇರಲಿಲ್ಲ ಅಂತ ಆಣೆ ಮಾಡಲು ಆಗದು. ಆದರೆ ಬಾಗಿಲು ತೆರೆದದ್ದು ಅದೇ ಅನ್ನುವುದು ನನ್ನ ಅಭಿಪ್ರಾಯ.

ಅಮೆರಿಕದ ಕತೆಯೂ ಸುಖವಾಗಿರಲಿಲ್ಲ. ಹೋದ ಕಪ್ಪೆಗಳನ್ನು ಹಲವು ಮೃಗಾಲಯಗಳಿಗೆ ಹಂಚಿದರು, ಎಲ್ಲ ಕಡೆ ಸಾಯತೊಡಗಿದವು. ಶ್ವಾಸಕೋಶದಲ್ಲಿ ಹುಳು, ಸೋಂಕು, ಆಹಾರದ ಕೊರತೆ. 2004ರ ಕೊನೆಗೆ ಇಡೀ ಜಗತ್ತಿನಲ್ಲಿ ಸಾಕಣೆಯಲ್ಲಿ ಉಳಿದದ್ದು 70ಕ್ಕಿಂತ ಕಡಿಮೆ, ಕಾಡಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಬ್ರಾಂಕ್ಸ್ ಮತ್ತು ಓಹಾಯೋದ ಟೊಲಿಡೊ ಮೃಗಾಲಯದ ಪಾಲಕರು ಅಲ್ಲಿಂದ ಒಂದೊಂದೇ ಕಲಿತರು. ನೀರನ್ನು ಹೇಗೆ ಸೋಸಬೇಕು, ಎಷ್ಟು ಹೊತ್ತಿಗೊಮ್ಮೆ ತುಂತುರು ಬಿಡಬೇಕು, ಸೂರ್ಯನ ಅತಿನೇರಳೆ ಕಿರಣದ ಬದಲಿಗೆ ಯಾವ ದೀಪ ಬೇಕು, ಅಷ್ಟು ಚಿಕ್ಕ ಬಾಯಿಗೆ ಏನು ಹಿಡಿಸುತ್ತದೆ. ಹುಟ್ಟಿದ ಮರಿಗೆ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜಿಗಿಹುಳು ಬೇಕು, ದೊಡ್ಡದಕ್ಕೆ ಹಣ್ಣುನೊಣ ಮತ್ತು ಆಗಷ್ಟೇ ಹುಟ್ಟಿದ ಚಿಮ್ಮಂಡೆ. ಇವನ್ನೆಲ್ಲ ಅಲ್ಲೇ ಬೆಳೆಸಬೇಕು, ಪ್ರತಿದಿನ. ಇಂಥ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಒಂದು ಜಾತಿ ಉಳಿದದ್ದು ಅದರಿಂದಲೇ. 2010ರ ಹೊತ್ತಿಗೆ ಟೊಲಿಡೊದಲ್ಲಿ ಸುಮಾರು 5,000, ಬ್ರಾಂಕ್ಸ್‌ನಲ್ಲಿ 1,500 ಕಪ್ಪೆಗಳಿದ್ದವು. ಆ ಆಗಸ್ಟ್‌ನಲ್ಲಿ 100 ಕಪ್ಪೆಗಳು ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಸಾಕಣೆ ಕೇಂದ್ರಕ್ಕೆ ಮರಳಿದವು.

2012ರಲ್ಲಿ ಮೊದಲು 48 ಕಪ್ಪೆಗಳನ್ನು ಕಮರಿಗೆ ಒಯ್ದು, ಅಲ್ಲಿನ ಮಣ್ಣು, ಗಿಡ, ನೀರಿನ ಜೊತೆ ಬದುಕುತ್ತವಾ ಅಂತ ಪರೀಕ್ಷೆ ಮಾಡಿದರು. ಬದುಕಿದವು. ಡಿಸೆಂಬರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಟ್ಟರು. ಕಾಡಿನಲ್ಲಿ ಅಳಿದಿದೆ ಅಂತ ಘೋಷಿಸಿದ ಉಭಯವಾಸಿಯೊಂದನ್ನು ಅದರ ತವರಿಗೆ ಮರಳಿ ಬಿಟ್ಟದ್ದು ಜಗತ್ತಿನಲ್ಲಿ ಅದೇ ಮೊದಲು. ಮುಂದಿನ ವರ್ಷಗಳಲ್ಲೂ ಹಲವು ಸಲ ಬಿಟ್ಟಿದ್ದಾರೆ. ಅಷ್ಟಾದರೂ ಐಯುಸಿಎನ್ ಪಟ್ಟಿಯಲ್ಲಿ ಇದರ ಸ್ಥಾನ ಬದಲಾಗಿಲ್ಲ. ಪಟ್ಟಿಯಿಂದ ಇಳಿಯಬೇಕಾದರೆ ಬಿಟ್ಟ ಕಪ್ಪೆಗಳು ಬದುಕಿದರೆ ಸಾಲದು, ಅವು ಹೆತ್ತು, ಆ ಮರಿಗಳು ಮತ್ತೆ ಹೆತ್ತು, ಹೊರಗಿನಿಂದ ತಂದು ಸುರಿಯದೆಯೇ ಸಂಖ್ಯೆ ನಿಲ್ಲಬೇಕು. ಅಡ್ಡಿ ಎರಡಿವೆ. ಶಿಲೀಂಧ್ರ ಈಗಲೂ ಆ ಕಮರಿಯಲ್ಲಿದೆ, ಅಲ್ಲಿನ ಬೇರೆ ಕಪ್ಪೆಗಳು ತಾವು ಸಾಯದೆ ಅದನ್ನು ಹೊತ್ತು ತಿರುಗುತ್ತವೆ. ಇನ್ನೊಂದು ಅಡ್ಡಿ ನೀರು. ಸ್ಪ್ರಿಂಕ್ಲರಿನ ಮೂತಿಗಳಲ್ಲಿ ಹೂಳು ಕಟ್ಟಿಕೊಳ್ಳುತ್ತದೆ, ಪೈಪು ಒಡೆಯುತ್ತದೆ, ಅದನ್ನು ಸರಿಮಾಡುವವರಿಗೆ ಸಂಬಳ ಬೇಕು, ವರ್ಷಾನುಗಟ್ಟಲೆ. ಯೋಜನೆಯ ಹಣ ಬರುವವರೆಗೆ ಎಲ್ಲರೂ ಇರುತ್ತಾರೆ, ಆಮೇಲೆ ಯಾರು? ನನಗೆ ನಿಜವಾಗಿ ಆತಂಕ ಇರುವುದು ಶಿಲೀಂಧ್ರಕ್ಕಿಂತ ಇದರ ಬಗ್ಗೆ.

ನಮ್ಮ ಘಟ್ಟದ ವಿಷಯ. ಮರಿ ಹಾಕುವ ಕಪ್ಪೆ ನಮ್ಮಲ್ಲಿಲ್ಲ. ಆದರೆ ಗೊದಮೊಟ್ಟೆಯ ಹಂತ ಬಿಟ್ಟು, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯಾಗಿ ಹೊರಬರುವ ಪೊದೆಗಪ್ಪೆಗಳು ತುಂಬಾ ಇವೆ. ಉತ್ತರ ಕನ್ನಡದ ಕಡೆಯ ಕುಂಬಾರ ಕಪ್ಪೆಯಂತೂ ತನ್ನ ಮೊಟ್ಟೆಗೆ ಕೈಯಿಂದ ಕೆಸರು ಮೆತ್ತುತ್ತದೆ. 2014ರಲ್ಲಷ್ಟೇ ಅದಕ್ಕೆ ಹೆಸರು ಬಿತ್ತು. ಒಂದೆರಡು ತೊರೆಗಳ ಆಚೆ ಸಿಗದ ಜಾತಿಗಳೂ ನಮ್ಮಲ್ಲಿವೆ. ಹಾಗಾಗಿ ಒಂದು ಹಳ್ಳದ ನೀರು ತಿರುಗಿಸುವ ಯೋಜನೆ ಬಂದಾಗ "ಚಿಕ್ಕ ಯೋಜನೆ, ಕಾಡು ಮುಳುಗುವುದಿಲ್ಲ" ಅಂದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಕಿಹಾನ್ಸಿಯಲ್ಲೂ ಕಾಡು ಮುಳುಗಿದ್ದು ತೀರಾ ಸ್ವಲ್ಪ. ಕೈಟ್ರಿಡ್ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ, ಆದರೆ ಅಲ್ಲಿಯ ಹಾಗೆ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಈ ಶಿಲೀಂಧ್ರದ ಮೂಲವೇ ಏಷ್ಯಾ ಅಂತ ವಂಶವಾಹಿ ಅಧ್ಯಯನಗಳು ತೋರಿಸಿವೆ. ಬಹಳ ಕಾಲದಿಂದ ಒಟ್ಟಿಗೆ ಬದುಕಿ ನಮ್ಮ ಕಪ್ಪೆಗಳು ಹೊಂದಿಕೊಂಡಿರಬಹುದು. ಆದರೂ ಮಳೆಗಾಲದಲ್ಲಿ ಕಪ್ಪೆಯ ಫೋಟೋ ತೆಗೆಯಲು ಘಟ್ಟ ಹತ್ತುವವರು ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಕೆಸರು ತೊಳೆದು ಚೆನ್ನಾಗಿ ಒಣಗಿಸಿ. ಫೋಟೋಗಾಗಿ ಕಪ್ಪೆಯನ್ನು ಕೈಯಲ್ಲಿ ಹಿಡಿಯಲೇಬೇಡಿ.

ಕೊನೆಗೆ ನಿಮ್ಮ ಅಕ್ಕನಿಗೆ. ಬ್ರಾಂಕ್ಸ್ ಮೃಗಾಲಯದ ಸರೀಸೃಪಗಳ ಮನೆಯಲ್ಲಿ ಜನ ನೋಡಲೆಂದೇ ಈ ಕಪ್ಪೆಗಳನ್ನು ಇಟ್ಟಿದ್ದರು. ಹೊರಡುವ ಮೊದಲು ಈಗಲೂ ಪ್ರದರ್ಶನದಲ್ಲಿವೆಯಾ ಅಂತ ಕೇಳಿಕೊಳ್ಳಲಿ. ಗಾಜಿನ ಮುಂದೆ ನಿಂತ ತಕ್ಷಣ ಪಾಚಿ, ಜರೀಗಿಡ ಬಿಟ್ಟು ಏನೂ ಕಾಣುವುದಿಲ್ಲ, ಹೆಚ್ಚಿನವರು ಅರ್ಧ ನಿಮಿಷ ನೋಡಿ ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತು ಕಾಯಬೇಕು. ಒಂದು ಎಲೆಯ ತುದಿ ಅಲುಗುತ್ತದೆ, ಹಳದಿ ಚುಕ್ಕೆಯೊಂದಕ್ಕೆ ಕಾಲಿರುವುದು ಗೊತ್ತಾಗುತ್ತದೆ, ಆಮೇಲೆ ಒಂದರ ಹಿಂದೆ ಒಂದು ಕಾಣುತ್ತಾ ಹೋಗುತ್ತವೆ. ಗಾಜಿಗೆ ಅಂಟಿಕೊಂಡು ಕೂತದ್ದು ಸಿಕ್ಕರೆ ಅದರ ಹೊಟ್ಟೆ ನೋಡಲು ಹೇಳಿ. ಬಸುರಿಯಾಗಿದ್ದರೆ ಒಳಗಿನ ಮರಿಗಳನ್ನು ಎಣಿಸಲೂಬಹುದು.